ಒಂದೇ ಹಣ್ಣಿನ ಬೀಜ, ಗಿಡಗಳು ಮಾತ್ರ ಬೇರೆ ಬೇರೆ ಯಾಕೆ?

ಪ್ರಶ್ನೆ: ಮಾರ್ಕೆಟ್‌ನಿಂದ ತಂದ ಹೈಬ್ರಿಡ್ ಟೊಮೆಟೊ ಚೆನ್ನಾಗಿತ್ತು ಅಂತ ಅದೇ ಹಣ್ಣಿನ ಬೀಜ ಹಾಕಿ ಟೆರೇಸ್‌ನಲ್ಲಿ 12 ಗಿಡ ಬೆಳೆಸಿದ್ದೇನೆ. 9 ಗಿಡ ಎತ್ತರಕ್ಕೆ ಹೋಗುತ್ತಲೇ ಇವೆ, 3 ಗಿಡ್ಡವಾಗಿ ನಿಂತುಬಿಟ್ಟಿವೆ. ಈಗ ಏಪ್ರಿಲ್‌ನಲ್ಲಿ ಎಲ್ಲದರ ಹೂವೂ ಉದುರುತ್ತಿದೆ. ಬೀಜವೇ ಸರಿಯಿಲ್ವಾ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಎತ್ತರದ ವ್ಯತ್ಯಾಸ ಬೀಜದಿಂದ ಬಂದದ್ದು. ಹೂವು ಉದುರುತ್ತಿರುವುದು ಬಿಸಿಲಿಗೆ. ಎರಡನ್ನೂ ಒಂದೇ ಗಂಟು ಕಟ್ಟಬೇಡಿ.

ಹೈಬ್ರಿಡ್ ಅಂದರೆ ಎರಡು ಬೇರೆ ತಳಿಗಳ ಮಗು. ನಿಮ್ಮ ಹಣ್ಣು ಬಿಟ್ಟ ಗಿಡದಲ್ಲಿ ಎತ್ತರದ ಜೀನ್ ಒಂದು, ಗಿಡ್ಡದ್ದು ಒಂದು ಇದ್ದಿರಬೇಕು. ಗಿಡ್ಡದ ಗುಣ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣಿಸುತ್ತದೆ. ಟೊಮೆಟೊ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಮುಂದಿನ ತಲೆಮಾರಿನಲ್ಲಿ ಸುಮಾರು 4 ಗಿಡಕ್ಕೆ 1 ಗಿಡ್ಡ ಬರುತ್ತದೆ. ನಿಮ್ಮಲ್ಲಿ ಲೆಕ್ಕ ಸರಿಯಾಗಿ ಕೂತಿದೆ, ಆದರೆ 12ರಲ್ಲಿ 2 ಅಥವಾ 5 ಬಂದಿದ್ದರೂ ಆಶ್ಚರ್ಯವಿಲ್ಲ. ಗಿಡ್ಡ ಗಿಡದ ತುದಿ ನೋಡಿ, ಅಲ್ಲಿ ಹೂಗೊಂಚಲು ಬಂದು ಬೆಳವಣಿಗೆ ನಿಂತಿರುತ್ತದೆ. ಅದು ರೋಗವಲ್ಲ, ದಯವಿಟ್ಟು ಕಿತ್ತು ಹಾಕಬೇಡಿ.

ಇನ್ನು ಹೂವು. ಉದುರಿದ ಒಂದನ್ನು ಕೈಯಲ್ಲಿ ಹಿಡಿದು ನೋಡಿ, ತೊಟ್ಟಿನ ಮಧ್ಯದ ಗೆಣ್ಣಿನ ಹತ್ತಿರ ನೀಟಾಗಿ ಕಳಚಿಕೊಂಡಿರುತ್ತದೆ. ಹಗಲು 32–35 ಡಿಗ್ರಿ ದಾಟಿ, ರಾತ್ರಿಯೂ 21ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ, ಕಾಯಿ ಕಟ್ಟದ ಹೂವನ್ನು ಗಿಡವೇ ಬಿಟ್ಟುಬಿಡುತ್ತದೆ. ಏಪ್ರಿಲ್‌ನ ಬೆಂಗಳೂರಿನಲ್ಲಿ ಹೀಗಾಗುವುದು ಮಾಮೂಲು, ಅದರಲ್ಲೂ ಹಗಲೆಲ್ಲ ಕಾದ ಟೆರೇಸ್ ಕಾಂಕ್ರೀಟ್ ರಾತ್ರಿ ತುಂಬಾ ಹೊತ್ತು ಬಿಸಿ ಬಿಡುತ್ತಲೇ ಇರುತ್ತದೆ ಅಲ್ವಾ? ಗಿಡದ ಬ್ಯಾಗ್‌ಗಳನ್ನು ಇಟ್ಟಿಗೆ ಮೇಲೆ ಎತ್ತಿಡಿ, ಮಧ್ಯಾಹ್ನ ಶೇಡ್ ನೆಟ್ ಹಾಕಿ, ಬೆಳಿಗ್ಗೆ ನೀರು ಕೊಟ್ಟು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಹೂವು ಬರಲೆಂದು ಯೂರಿಯಾ ಸುರಿಯಬೇಡಿ, ಸುಮ್ನೆ ಸೊಪ್ಪು ಜಾಸ್ತಿ ಆಗುತ್ತದೆ ಅಷ್ಟೇ.

ಈ ಬಿಸಿಲಲ್ಲಿ ಕಟ್ಟಿದ ಕಾಯಿ ಹಳದಿ ಮಿಶ್ರಿತ ಕಿತ್ತಳೆ ಬಣ್ಣಕ್ಕೇ ನಿಂತರೂ ತಳಿ ಕೆಟ್ಟಿತು ಅಂದುಕೊಳ್ಳಬೇಡಿ. 30 ಡಿಗ್ರಿ ದಾಟಿದರೆ ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಸರಿಯಾಗಿ ಆಗುವುದಿಲ್ಲ. ಬಣ್ಣ ತಿರುಗುವಾಗಲೇ ಕೊಯ್ದು ಅಡುಗೆಮನೆಯ ತಂಪಿನಲ್ಲಿಡಿ, ಚೆನ್ನಾಗಿ ಕೆಂಪಾಗುತ್ತದೆ.

ಪ್ರತಿವರ್ಷ ಬೀಜ ಎತ್ತಿಡುವ ಆಸೆ ಇದ್ದರೆ ಹೈಬ್ರಿಡ್ ಬೇಡ. ಅರ್ಕಾ ರಕ್ಷಕ್ ಅನ್ನುವ ಟೊಮೆಟೊ ಒಳ್ಳೆಯದೇ, ಆದರೆ ಅದೂ ಹೈಬ್ರಿಡ್. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದೇ ಹೈಬ್ರಿಡ್ ಅಲ್ಲದ ಅರ್ಕಾ ವಿಕಾಸ್ ತಳಿಯ ಬೀಜ ತಂದು ಅಕ್ಟೋಬರ್‌ನಲ್ಲಿ ಹಾಕಿ. ಹೂವು ಬಿಡುವ ಹೊತ್ತಿಗೆ ಡಿಸೆಂಬರ್ ಚಳಿ ಶುರುವಾಗಿರುತ್ತದೆ.