ಗ್ರಹಣ ನೋಡಿದ ಗೆಳತಿಯರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಂಗಳೂರು ಸಮೀಪದ ಹದಿನೇಳು ವರ್ಷದ ಪಿಯುಸಿ ವಿದ್ಯಾರ್ಥಿನಿಯೊಬ್ಬಳನ್ನು 2020ರ ಫೆಬ್ರವರಿಯಲ್ಲಿ ತಾಯಿ ನನ್ನ ಬಳಿಗೆ ಕರೆತಂದರು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂಬುದಷ್ಟೇ ಅವರ ದೂರು. ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ ಮಾತು 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣಕ್ಕೆ ಹೋಯಿತು.

ಆ ಗ್ರಹಣ ಸಂಭವಿಸಿದ್ದು ಧನು ರಾಶಿಯ ಮೂಲಾ ನಕ್ಷತ್ರದಲ್ಲಿ. ಅವಳದೂ ಅದೇ ನಕ್ಷತ್ರ. ಹೊರಗೆ ಕಾಲಿಡಬಾರದೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದರೂ ಟ್ಯೂಷನ್ ಇದೆಯೆಂದು ಸುಳ್ಳು ಹೇಳಿ ಗೆಳತಿಯೊಂದಿಗೆ ಮೈದಾನಕ್ಕೆ ಹೋಗಿದ್ದಳು. ಬೆಳಿಗ್ಗೆ 9.24ರ ಸುಮಾರಿಗೆ, ಭೂಮಿಯಿಂದ ದೂರವಿದ್ದ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಉಂಗುರವೊಂದನ್ನು ಉಳಿಸಿದ ಆ ಹೊತ್ತಿನಲ್ಲಿ, ಒಂದೇ ಸೌರ ಕನ್ನಡಕವನ್ನು ಇಬ್ಬರೂ ಕೈಯಿಂದ ಕೈಗೆ ದಾಟಿಸಿಕೊಂಡು ನೋಡಿದರು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ ಮರುವಾರ ಭೌತಶಾಸ್ತ್ರದ ಉಪನ್ಯಾಸಕರನ್ನು ಪ್ರಶ್ನೆ ಕೇಳತೊಡಗಿದಳು. ಜನವರಿಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ, ಇದು ತನ್ನಿಂದಲೇ ಆಯಿತೆಂದು ನಂಬಿ ಗೆಳತಿಯೊಡನೆ ಮಾತು ಬಿಟ್ಟಳು.

ನಾನು ಜ್ಯೋತಿಷ್ಯದ ಚರ್ಚೆಗೆ ಇಳಿಯಲಿಲ್ಲ. ಅಜ್ಜಿ ಬಿದ್ದ ದಿನದ ವಿವರಗಳನ್ನು ಅವಳಿಂದಲೇ ಹೇಳಿಸಿದೆ: ಪಾಚಿಗಟ್ಟಿದ ಕಲ್ಲು, ಮಂದ ದೀಪ, ಹಿಡಿಯಲು ಆಸರೆಯಿಲ್ಲದ ಗೋಡೆ. ಸುಳ್ಳು ಹೇಳಿದ್ದರ ಅಳುಕು ಸಹಜವಾದದ್ದು, ಅದನ್ನು ಅಜ್ಜಿಯ ಮುಂದೆ ಒಪ್ಪಿಕೊಳ್ಳಬಹುದು; ಆದರೆ ಮೂಳೆ ಮುರಿದ ಹೊಣೆಯನ್ನು ಆ ಅಳುಕಿಗೆ ಸೇರಿಸಿ ಹೊರಬೇಕಾಗಿಲ್ಲ ಎಂದು ತಿಳಿಸಿದೆ. ಬಚ್ಚಲಿಗೆ ಹಿಡಿಕೆ ಹಾಕಿಸುವ ಕೆಲಸವನ್ನು ಅವಳೇ ವಹಿಸಿಕೊಳ್ಳಲೆಂದು ತಾಯಿಗೆ ಸೂಚಿಸಿದೆ. ಗೆಳತಿಗೆ ನಡೆದದ್ದನ್ನೆಲ್ಲ ವಿವರಿಸುವ ಅಗತ್ಯವಿಲ್ಲ, 'ನಿನ್ನ ಮೇಲೆ ಕೋಪವಿಲ್ಲ' ಎಂದಷ್ಟೇ ಮೊದಲು ತಿಳಿಸಿದರೆ ಸಾಕು ಎಂದೆ.

ಮನೆಯ ಆಚರಣೆಯನ್ನು ಗೇಲಿ ಮಾಡಿ ವಿಜ್ಞಾನ ಕಲಿಸಹೊರಡುವವರು ಇಂಥ ಮಕ್ಕಳನ್ನು ಇಕ್ಕಟ್ಟಿಗೆ ದೂಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆ ಗ್ರಹಣದ ದಿನವೇ ಕಲಬುರಗಿ ಬಳಿ, ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆಯಿಂದ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತದ್ದನ್ನು ತಡೆಯಲೇಬೇಕಿತ್ತು. ನೀರಿನ ಕೊಡದ ಮೇಲೆ ದರ್ಭೆ ಇಡುವ ಅಜ್ಜಿಯನ್ನು ಆ ಸಾಲಿಗೆ ಸೇರಿಸಬೇಕಾಗಿಲ್ಲ.

ಮಾರ್ಚ್‌ನ ಲಾಕ್‌ಡೌನ್ ನಂತರ ಸಮಾಲೋಚನೆ ಫೋನಿನಲ್ಲಿ ಮುಂದುವರಿಯಿತು. ಕೊರೊನಾಕ್ಕೂ ಆ ಗ್ರಹಣವೇ ಕಾರಣವೆಂಬ ವಾಟ್ಸಾಪ್ ಸಂದೇಶಗಳು ಬಂದಾಗ ಅವಳ ಭಯ ಕೆಲವು ದಿನ ಮರುಕಳಿಸಿತು. ಅವನ್ನು ತೆರೆಯದೆ ಅಳಿಸುವಂತೆ ಹೇಳಿದೆ. ಗೆಳತಿಯರು ಮತ್ತೆ ಮಾತಾಡುತ್ತಿದ್ದಾರೆ, ಹಿಂದಿನ ಸಲುಗೆ ಇನ್ನೂ ಬಂದಿಲ್ಲ. ನಿದ್ದೆ ಮತ್ತೆ ಕೆಟ್ಟರೆ ಮನೋವೈದ್ಯರನ್ನು ಕಾಣುವಂತೆ ತಾಯಿಗೆ ತಿಳಿಸಿದ್ದೇನೆ.