ಗ್ರಾಫಿಕ್ ಡಿಸೈನ್‌ಗೆ ಕಾಲೇಜು ಬೇಕಾ, ಯೂಟ್ಯೂಬ್ ಸಾಕಾ?

ಕಾಮರ್ಸ್‌ನಲ್ಲಿ ಪಿಯುಸಿ ಮುಗಿದಿದೆ, ಫೋಟೋಶಾಪ್ ಸ್ವಲ್ಪ ಬರುತ್ತದೆ, ಇನ್ನು ಗ್ರಾಫಿಕ್ ಡಿಸೈನ್‌ಗೆ ನಾಲ್ಕು ವರ್ಷ ಕಾಲೇಜು ಬೇಕಾ ಅಂತ ಕೇಳಿದ್ದೀರಿ. ಮನೆಯಲ್ಲಿ ಒಪ್ಪಿದರೆ ಖಂಡಿತ ಸೇರಿಕೊಳ್ಳಿ. ನಾನು ಅಪ್ಲೈಡ್ ಆರ್ಟ್‌ನಲ್ಲಿ (ಜಾಹೀರಾತು, ಪೋಸ್ಟರ್, ಪುಸ್ತಕ ವಿನ್ಯಾಸದ ಕಲೆ) ಬಿ.ವಿ.ಎ., ಅಂದರೆ ದೃಶ್ಯಕಲೆಯ ಪದವಿ ಓದಿದವಳು, ಈಗ ಕನ್ನಡ ಪುಸ್ತಕಗಳ ಮುಖಪುಟ, ಒಳಪುಟ ಮಾಡುತ್ತೇನೆ.

ಸಾಫ್ಟ್‌ವೇರ್ ಮನೆಯಲ್ಲೇ ಕಲಿಯಬಹುದು. ಕಾಲೇಜಿನಲ್ಲಿ ಸಿಗುವುದು ತಿದ್ದುವ ಜನ. ನಿಮ್ಮ ಪೋಸ್ಟರನ್ನು ಗೋಡೆಗೆ ಅಂಟಿಸಿ ಎಲ್ಲರೂ ಸುತ್ತ ನಿಲ್ಲುತ್ತಾರೆ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ? ಇಷ್ಟೊಂದು ಕೆಂಪು ಯಾಕೆ? ಈ ಸಾಲು ತೆಗೆದರೆ ಏನಾಗುತ್ತೆ? ಒಂದೊಂದಕ್ಕೂ ನೀವು ಉತ್ತರ ಕೊಡಬೇಕು. ಯೂಟ್ಯೂಬ್ ವಿಡಿಯೋ ನಿಮ್ಮ ಕೆಲಸ ನೋಡುವುದಿಲ್ಲ, ಅಲ್ವಾ?

ಎಲ್ಲಿ ಸೇರಿದರೂ ಕನ್ನಡ ಅಕ್ಷರದ ಮೇಲೆ ಜಾಸ್ತಿ ಕೆಲಸ ಮಾಡಿ. ಟೈಪೋಗ್ರಫಿ, ಅಂದರೆ ಅಕ್ಷರ ಜೋಡಿಸುವ ಕಲೆಯ ಪಾಠ ಬಹುಪಾಲು ಇಂಗ್ಲಿಷ್ ಅಕ್ಷರದ ಮೇಲೇ ನಡೆಯುತ್ತದೆ. ಆ ಅಳತೆ ನಮಗೆ ಹೊಂದುವುದಿಲ್ಲ. 'ರಾಷ್ಟ್ರ', 'ಶಾಸ್ತ್ರ' ಬರೆದು ನೋಡಿ, ಒತ್ತಕ್ಷರ ಎಷ್ಟು ಕೆಳಗಿಳಿಯುತ್ತದೆ! ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ನಮ್ಮ ಲಿಪಿಗಳಿಗೆ ಬೇಕಾದ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದಿದ್ದರೆ ಒತ್ತಕ್ಷರಗಳೇ ಒಡೆದು ಹೋಗುತ್ತವೆ. ಲೇಖಕರು ಹಳೆಯ ನುಡಿ ಫಾಂಟ್‌ನಲ್ಲಿ ಕಳಿಸಿದ್ದನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ತಿರುಗಿಸಿ, ತಪ್ಪು ನುಸುಳಿದೆಯಾ ಅಂತ ಮತ್ತೆ ಅಕ್ಷರ ಅಕ್ಷರ ಓದಬೇಕು. ಇದೆಲ್ಲ ಗೊತ್ತಿದ್ದು, ಪ್ರೀತಿಯಿಂದ ಮಾಡುವವರು ನಮಗೆ ತುಂಬಾ ಬೇಕು. ಬೆಂಗಳೂರಿಗೆ ಹೋದರೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳನ್ನು ಒಮ್ಮೆ ಸುತ್ತಿ. ಅಕ್ಷರ, ಕಾಗದ, ಬಣ್ಣ ಎಲ್ಲ ಒಟ್ಟಿಗೇ ನೋಡಲು ಸಿಗುತ್ತವೆ.

ಕಾಮರ್ಸ್ ಓದಿದ್ದು ಅಡ್ಡಿಯಲ್ಲ. ಡಿಸೈನ್ ಪದವಿಗೆ ಸೇರಲು ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ಯಾವ ವಿಭಾಗದವರೂ ಬರೆಯಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬೇರೆಯೇ ಪರೀಕ್ಷೆ, ಎರಡು ಹಂತ. ನಮ್ಮಲ್ಲೇ ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಇಂಥ ಚಿತ್ರಕಲಾ ಕಾಲೇಜುಗಳಲ್ಲಿ ನಿಮಗೆ ಬೇಕಾದ್ದು ಅಪ್ಲೈಡ್ ಆರ್ಟ್. ಗ್ರಾಫಿಕ್ಸ್ ವಿಭಾಗ ಅಂತ ಇದ್ದರೆ ಅಲ್ಲಿ ಸಾಮಾನ್ಯವಾಗಿ ಕಲಿಸುವುದು ಲಿನೋ, ಎಚಿಂಗ್, ಲಿಥೋ ಅಚ್ಚು, ಅಂದರೆ ಕೈಯಿಂದ ಅಚ್ಚೊತ್ತಿ ಚಿತ್ರ ಮಾಡುವುದು, ಗ್ರಾಫಿಕ್ ಡಿಸೈನ್ ಅಲ್ಲ. ಫಾರಂ ತುಂಬುವಾಗ ನೋಡಿಕೊಳ್ಳಿ.

ಮೊದಲ ವರ್ಷ ಹೆಚ್ಚಾಗಿ ಪೆನ್ಸಿಲ್, ಬಣ್ಣ, ಕಾಗದದ್ದೇ ಕೆಲಸ. ದುಬಾರಿ ಲ್ಯಾಪ್‌ಟಾಪ್‌ಗೆ ಈಗಲೇ ಸಾಲ ಮಾಡಬೇಡಿ. ಅಲ್ಲಿಯವರೆಗೆ ಮನೆಯ ಹಳೆಯ ಕಂಪ್ಯೂಟರಿಗೆ ಇಂಕ್‌ಸ್ಕೇಪ್, ಗಿಂಪ್ ಎಂಬ ಚಿತ್ರದ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎರಡೂ ಉಚಿತ.