ಓದುಗರ ಪ್ರಶ್ನೆ: ನಾಯಿ ತಳಿಯ ಸಂಘಕ್ಕೆ ಮೊದಲು ಬೇಕಾದದ್ದು ಒಂದು ರಿಜಿಸ್ಟರ್

ಪ್ರಶ್ನೆ: ಸಾಗರ, ಹೊಸನಗರ ಕಡೆ ಮುಧೋಳ ನಾಯಿ ಸಾಕಿರುವ ಹತ್ತು ಹನ್ನೆರಡು ಮನೆಯವರು ಸೇರಿ ಸಂಘ ಕಟ್ಟಬೇಕೆಂದಿದ್ದೇವೆ. ಅಪರೂಪದ ತಳಿಗೆಂದೇ ಹುಟ್ಟಿದ ಸಂಘಗಳು ಹೇಗೆ ಬೆಳೆದವು? ಅದರಲ್ಲಿ ನಾವು ಕಲಿಯುವಂಥದ್ದು ಏನಿದೆ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ತಿಳಿಯಲೇಬೇಕಾದದ್ದು ನಾರ್ವೆಯ ಲುಂಡೆಹುಂಡ್ ನಾಯಿಯ ಚರಿತ್ರೆ. ಕಡಲಂಚಿನ ಬಂಡೆಗಳ ಸಂದಿನಲ್ಲಿ ಗೂಡು ಮಾಡುವ ಪಫಿನ್ ಹಕ್ಕಿಯನ್ನು ಹಿಡಿದು ತರುತ್ತಿದ್ದ ಸಣ್ಣ ನಾಯಿ ಅದು. ಕಾಲೊಂದಕ್ಕೆ ಕನಿಷ್ಠ ಆರು ಬೆರಳು. ಕಿವಿಯನ್ನು ಮಡಚಿ ಮುಚ್ಚಿಕೊಳ್ಳುತ್ತದೆ, ತಲೆಯನ್ನು ಹಿಂದಕ್ಕೆ ಬಾಗಿಸಿ ಬೆನ್ನಿಗೆ ತಾಗಿಸುತ್ತದೆ. ಹಕ್ಕಿ ಹಿಡಿಯಲು ಬಲೆ ಬಂದ ಮೇಲೆ ಈ ನಾಯಿ ಯಾರಿಗೂ ಬೇಡವಾಯಿತು. ಕೊನೆಗೆ ಉಳಿದದ್ದು ವೆರೊಯ್ ದ್ವೀಪದ ಮೋಸ್ತಾಡ್ ಎಂಬ ಮೂಲೆ ಹಳ್ಳಿಯಲ್ಲಿ ಮಾತ್ರ.

1930ರ ದಶಕದ ಕೊನೆಗೆ ಎಲೆನೋರ್ ಕ್ರಿಸ್ಟಿ ಎಂಬಾಕೆ ಅಲ್ಲಿಂದ ಮರಿ ತರಿಸಿ ದಕ್ಷಿಣ ನಾರ್ವೆಯಲ್ಲಿ ಸಾಕತೊಡಗಿದರು. ಯುದ್ಧದ ವರ್ಷಗಳಲ್ಲಿ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ವೈರಸ್ ರೋಗ ದ್ವೀಪದ ನಾಯಿಗಳನ್ನು ಹೆಚ್ಚುಕಡಿಮೆ ಮುಗಿಸಿತು. ಕ್ರಿಸ್ಟಿ ತಮ್ಮಲ್ಲಿದ್ದ ಕೆಲವು ಮರಿಗಳನ್ನು ಅಲ್ಲಿಗೇ ವಾಪಸ್ ಕಳಿಸಿಕೊಟ್ಟರು. 1944ರಲ್ಲಿ ಅದೇ ರೋಗ ಅವರ ಮನೆಗೂ ಬಂದು ಒಂದೇ ಒಂದು ನಾಯಿ ಉಳಿಯಿತು. ಎಲ್ಲವೂ ಒಂದೇ ಹಟ್ಟಿಯಲ್ಲಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1962ರಲ್ಲಿ ತಳಿಯ ಸಂಘ ಸ್ಥಾಪನೆಯಾಯಿತು. ಮರುವರ್ಷವೇ ಮತ್ತೆ ಡಿಸ್ಟೆಂಪರ್. ಉಳಿದವು ಆರು ನಾಯಿ. ಇವತ್ತಿನ ಪ್ರತಿಯೊಂದು ಲುಂಡೆಹುಂಡ್ ಆ ಆರರ ಸಂತತಿ.

ಯಾವುದಕ್ಕೆ ಯಾವುದನ್ನು ಕೂಡಿಸಬೇಕು ಎಂದು ಸಂಘ ವಂಶಾವಳಿ ನೋಡಿ ಬಿಗಿಯಾಗಿ ನಡೆಸಿದ್ದರಿಂದ ಸಂಖ್ಯೆ ಮತ್ತೆ ಏರಿತು. ಆದರೆ ರಕ್ತಸಂಬಂಧ ಅತಿಯಾಗಿ ಹತ್ತಿರವಾಗಿತ್ತು. ಅದರ ಫಲವಾಗಿ ಕರುಳಿನ ಕಾಯಿಲೆ ತಳಿಗೇ ಅಂಟಿಕೊಂಡಿತು: ತಿಂದದ್ದರ ಪ್ರೋಟೀನು ಮೈಗೆ ಹತ್ತದೆ ಸೋರಿಹೋಗುತ್ತದೆ. ಹಾಕುವ ಮರಿಗಳೂ ಕಡಿಮೆ. ಈಗ ನಾರ್ವೇಜಿಯನ್ ಬುಹುಂಡ್ ಮುಂತಾದ ಸಮೀಪದ ತಳಿಗಳ ರಕ್ತವನ್ನು ಲೆಕ್ಕಹಾಕಿ ಬೆರೆಸುತ್ತಿದ್ದಾರೆ. ಅದು ಸರಿಯಾದ ನಿರ್ಧಾರ ಎಂದೇ ನಮ್ಮ ಅಭಿಪ್ರಾಯ. ಶುದ್ಧ ತಳಿ ಎಂಬ ಹಠಕ್ಕಿಂತ ಬದುಕುವ ಮರಿ ಮುಖ್ಯ. ಯಾವುದು ಯಾವುದರ ಮರಿ ಎಂದು ಬರೆದಿಡದೆ ಇಂಥ ಲೆಕ್ಕ ಸಾಧ್ಯವಿಲ್ಲ, ಅದಕ್ಕೇ ನಿಮ್ಮ ಸಂಘಕ್ಕೂ ಮೊದಲು ಬೇಕಾದದ್ದು ಒಂದು ರಿಜಿಸ್ಟರ್.

ಪ್ರಶ್ನೆ: ರಿಜಿಸ್ಟರಿನಲ್ಲಿ ಏನೇನು ಬರೆಯಬೇಕು?
– ತೀರ್ಥಹಳ್ಳಿ

ಉತ್ತರ: ನಾಯಿಗೊಂದು ಪುಟ. ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ರಿಜಿಸ್ಟರ್ ಸಂಖ್ಯೆ, 15 ಅಂಕಿಯ ಮೈಕ್ರೋಚಿಪ್ ನಂಬರು, ಬಣ್ಣ, ಭುಜದ ಎತ್ತರ, ಎಡ ಬಲ ಎರಡೂ ಮಗ್ಗುಲಿನ ಫೋಟೊ. ಸೂಲಿಗೆ ಎಷ್ಟು ಮರಿ ಹುಟ್ಟಿದವು, ಎಂಟು ವಾರಕ್ಕೆ ಎಷ್ಟು ಉಳಿದವು ಎಂಬುದೂ ಬೇಕು. ಬಹಳ ಕಡೆ ಖಾಲಿ ಬಿಡುವುದು ಕೊನೆಯ ಕಾಲಂ: ಸತ್ತ ದಿನ ಮತ್ತು ಕಾರಣ. ಒಂದೇ ಗಂಡಿನ ಮೂರು ಮಕ್ಕಳು ನಾಲ್ಕು ವರ್ಷದೊಳಗೆ ಒಂದೇ ರೀತಿ ಸತ್ತವು ಎಂಬುದು ಗೊತ್ತಾಗುವುದು ಆ ಕಾಲಂನಿಂದಲೇ.

ಕೂಡಿಸುವ ಮೊದಲು ಲೆಕ್ಕ ನೋಡಿ. ಒಡಹುಟ್ಟಿದವನ್ನು ಕೂಡಿಸಿದರೆ ಮರಿಯ ಒಳಸಂತಾನದ ಪ್ರಮಾಣ (ತಂದೆ ತಾಯಿ ಎರಡೂ ಕಡೆಯಿಂದ ಒಂದೇ ಹಿರಿಯರ ಒಂದೇ ವಂಶವಾಹಿ ಬರುವ ಸಂಭವ) 25 ಶೇಕಡಾ, ತಂದೆ ಮಗಳಿಗೂ ಅಷ್ಟೇ. ಒಂದೇ ತಂದೆಯ, ಬೇರೆ ತಾಯಿಯ ಮಕ್ಕಳಾದರೆ 12.5, ಅಣ್ಣತಮ್ಮಂದಿರ ಮಕ್ಕಳ ಸಂಬಂಧವಾದರೆ 6.25. ಇದಕ್ಕಿಂತ ಹತ್ತಿರ ಹೋಗಬೇಡಿ. ಸಣ್ಣ ಸಂಘಗಳು ಕೆಡುವುದು ಹೆಚ್ಚಾಗಿ ಬಹುಮಾನ ಗೆದ್ದ ಗಂಡಿನಿಂದ. ಎಲ್ಲರೂ ಅದನ್ನೇ ಕೇಳುತ್ತಾರೆ, ಎರಡು ತಲೆಮಾರಿಗೆ ಊರಿನ ನಾಯಿಗಳೆಲ್ಲ ಅಣ್ಣತಂಗಿಯರಾಗಿರುತ್ತವೆ. ಹತ್ತು ಹೆಣ್ಣಿರುವ ಸಂಘದಲ್ಲಿ ಒಂದು ಗಂಡಿಗೆ ಎರಡಕ್ಕಿಂತ ಹೆಚ್ಚು ಸೂಲು ಕೊಡಬೇಡಿ.

ಇನ್ನೊಂದು ಮಾತು, ನಮ್ಮ ಕಡೆಯ ಮನೆಗಳಿಗೆ ಬೇಲಿ ಸಡಿಲ, ಹಿತ್ತಲು ತೆರೆದದ್ದು. ಬೆದೆಗೆ ಬಂದ ಹೆಣ್ಣನ್ನು ರಕ್ತ ಕಂಡ ದಿನದಿಂದ ಪೂರ್ತಿ ಮೂರು ವಾರ ಕೂಡಿಹಾಕಿ. ಕೂಡಿಸಿ ಆಯಿತೆಂದು ಬಿಟ್ಟರೆ ಬೀದಿ ನಾಯಿಯೂ ಕೂಡಬಹುದು, ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಹುಟ್ಟಬಹುದು. ಅನುಮಾನವಿದ್ದರೆ ಡಿಎನ್‌ಎ ಪರೀಕ್ಷೆ ಆಗುವವರೆಗೆ ತಂದೆಯ ಜಾಗ ಖಾಲಿ ಇರಲಿ. ಸುಳ್ಳು ಹೆಸರಿಗಿಂತ ಖಾಲಿ ಜಾಗ ವಾಸಿ.

ಪ್ರಶ್ನೆ: ನೋಂದಣಿ ಹೇಗೆ? ಮರಿ ಎಲ್ಲಿಂದ ತರುವುದು?
– ಶಿವಮೊಗ್ಗ

ಉತ್ತರ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಸಾಕು. ಮರಿ ಮಾರುವವರಿಗೆ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳು ಅನ್ವಯಿಸುತ್ತವೆ: ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, 18 ತಿಂಗಳಾಗದ ಹೆಣ್ಣನ್ನು ಕೂಡಿಸುವಂತಿಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಎಲ್ಲರೂ ಒಂದೇ ಸೂಲಿನ ಮರಿ ತರಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ನಾಯಿಯನ್ನು ಕಾರವಾನ್ ಹೌಂಡ್ ಎಂದು ಬರೆದುಕೊಳ್ಳುತ್ತದೆ. ಕಾಗದದಲ್ಲಿ ಆ ಹೆಸರು ಕಂಡರೆ ಬೇರೆ ತಳಿಯೆಂದು ತಿಳಿಯಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಎಚ್ಚರ ವಹಿಸಬೇಕಾದ್ದೇನು?
– ಹೊಸನಗರ

ಉತ್ತರ: ಮೊದಲು ಲಸಿಕೆ. ಡಿಸ್ಟೆಂಪರಿಗೆ 6–8 ವಾರಕ್ಕೆ ಶುರುಮಾಡಿ, 3–4 ವಾರಕ್ಕೊಮ್ಮೆ 16 ವಾರದವರೆಗೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವಾಗ ಲಸಿಕೆ ನಾಟುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಕೊಡುವುದು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಆಷಾಢದಲ್ಲಿ ಎರಡು ದಿನ ಕರೆಂಟ್ ಹೋದ ಮನೆಯ ಫ್ರಿಜ್ಜಿನಲ್ಲಿದ್ದದ್ದನ್ನು ನಂಬಬೇಡಿ. ಹಾಗೆಂದು ಐಸ್‌ಗೆ ನೇರ ತಾಗಿಸಿ ಹೆಪ್ಪುಗಟ್ಟಿಸಲೂ ಬೇಡಿ. ಕೊನೆಯ ಡೋಸ್ ಆಗಿ ಎರಡು ವಾರ ಕಳೆಯದ ಮರಿಯನ್ನು ಸಂಘದ ಸಭೆಗೆ ತರಬಾರದು.

ಮುಧೋಳದ್ದು ಬಯಲುಸೀಮೆಯ ನಾಯಿ. ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬಿಲ್ಲ, ಥಂಡಿ ತಡೆಯುವುದಿಲ್ಲ. ನೆಲದಿಂದ ಎತ್ತರಿಸಿದ ಹಲಗೆ, ಅದರ ಮೇಲೆ ಒಣ ಗೋಣಿ ಹಾಸಿ. ತೋಟದಿಂದ ಬಂದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯೇ ನೋಡಿ. ಒಸಡು ಬಿಳಿಚಿ, ಜ್ವರವಿದ್ದು ಊಟ ಬಿಟ್ಟರೆ ರಕ್ತ ಪರೀಕ್ಷೆ ಮಾಡಿಸಿ. ಹಳ್ಳದ ನೀರು ಕುಡಿದ ನಾಯಿಯ ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕಿ, ಅದು ಪದೇ ಪದೇ ಸೀನುತ್ತಿದ್ದರೆ ಒಳಗೆ ಉಂಬಳ ಇರಬಹುದು. ಉಪ್ಪು, ಸುಣ್ಣ ಹಾಕದೆ ಪಶುವೈದ್ಯರ ಬಳಿ ಕರೆದೊಯ್ಯಿರಿ. ಉಣುಗು ಜ್ವರದಲ್ಲೂ ಮೂಗಿನಿಂದ ರಕ್ತ ಬರುತ್ತದೆ, ಆದ್ದರಿಂದ ಉಂಬಳ ಸಿಕ್ಕಿತೆಂದು ರಕ್ತ ಪರೀಕ್ಷೆ ಬಿಡಬೇಡಿ.